ಇಲ್ಲದ ಗಾಯ

ಅಡುಗೆಮನೆಯ ಕಟ್ಟೆಯ ಕಡೆ ಮುಖ ಮಾಡಿ ನಿಂತಿದ್ದ ಹೇಮಶ್ರೀ ಲೋಟ ಎತ್ತಿ ಏನನ್ನೋ ನುಂಗಿದ್ದು ನಾಗಭೂಷಣನ ಕಣ್ಣಿಗೆ ಬಿತ್ತು. ಅವನು ಹಾಲಿನಲ್ಲಿ ಪೇಪರು ಹಿಡಿದು ಕೂತಿದ್ದ, ಓದುತ್ತಿರಲಿಲ್ಲ. ಬರೀ ನೀರು ಕುಡಿಯುವವರು ಕುತ್ತಿಗೆಯನ್ನು ಹಾಗೆ ಹಿಂದಕ್ಕೆ ಎಸೆಯುವುದಿಲ್ಲ, ಅದು ಮಾತ್ರೆ ನುಂಗುವವರ ಕುತ್ತಿಗೆ. ಹೆಂಡತಿಯ ಕುತ್ತಿಗೆಯ ವಿಷಯದಲ್ಲಿ ಇಷ್ಟೆಲ್ಲ ತಿಳಿವಳಿಕೆ ಅವನಿಗೆ ಮದುವೆಯಾದ ಹೊಸದರಲ್ಲೂ ಇರಲಿಲ್ಲ. ಈಗ ಕೆಲವು ತಿಂಗಳುಗಳಿಂದ ಅವಳು ಬಾತ್‌ರೂಮಿನಲ್ಲಿ ಎಷ್ಟು ಹೊತ್ತು ಇರುತ್ತಾಳೆ, ಕೈಚೀಲದ ಯಾವ ಜಿಪ್ಪನ್ನು ಮರೆಯದೆ ಪೂರ್ತಿ ಎಳೆಯುತ್ತಾಳೆ, ತಂಗಿಯ ಜೊತೆ ಫೋನಿನಲ್ಲಿ ಮಾತಾಡುತ್ತ ಯಾವ ಮಾತು ಬಂದರೆ ಬಾಲ್ಕನಿಗೆ ಹೋಗುತ್ತಾಳೆ, ಎಲ್ಲ ಅವನಿಗೆ ಕಂಠಪಾಠವಾಗಿತ್ತು. ‘ಏನದು?’ ಎಂದು ಕೇಳಿದರೆ ಒಂದು ನಿಮಿಷದಲ್ಲಿ ಮುಗಿಯುವ ಕೆಲಸ. ಆದರೆ ಕೇಳುವಂತಿಲ್ಲ. ಕೇಳಿದರೆ ಅವಳು ತಿರುಗಿ ಒಂದು ಪ್ರಶ್ನೆ ಕೇಳಬಹುದು, ಒಂದೂವರೆ ವರ್ಷದಿಂದ ಅವನು ಹೆದರುತ್ತಿದ್ದುದು ಆ ಪ್ರಶ್ನೆಗೇ.

“ರೀ, ತಲೆಸುತ್ತಿನ ಮಾತ್ರೆ ಇನ್ನೊಂದು ಚೂರು ಇಲ್ಲೇ ಇಟ್ಟಿದ್ದೆ. ನೋಡಿದ್ರಾ?” ಎಂದು ಅವಳು ಅಲ್ಲಿಂದಲೇ ಕೂಗಿದಳು.

“ಇಲ್ವಲ್ಲ” ಎಂದ. ಮಾತ್ರೆಯ ಪಟ್ಟಿಯಿಂದ ಕತ್ತರಿಸಿದ ಆ ಚೂರು ಅವನ ಪ್ಯಾಂಟಿನ ಜೇಬಿನಲ್ಲಿತ್ತು. ಹಿಂದಿನ ರಾತ್ರಿ ಅವಳು ಮಕ್ಕಳನ್ನು ಮಲಗಿಸುವಾಗ ಎತ್ತಿಕೊಂಡಿದ್ದ. ತಲೆಸುತ್ತಂತೆ! ಯಾರೂ ಕೇಳದಿದ್ದರೂ ಕಾಯಿಲೆಯ ಹೆಸರು ಮುಂಚೆಯೇ ಹೇಳಿಬಿಟ್ಟಳಲ್ಲ, ಎಷ್ಟು ಸಲೀಸು, ಎಂದುಕೊಂಡ. ಕೇಳುವ ಮೊದಲೇ ವಿವರಣೆ ಕೊಡುವವರ ಮೇಲೆ ಅವನಿಗೆ ನಂಬಿಕೆಯಿರಲಿಲ್ಲ. ತಾನೂ ಹಾಗೆಯೇ ಮಾಡಿದ್ದನಲ್ಲ.

ಒಂದೂವರೆ ವರ್ಷದ ಹಿಂದೆ, ಚಿಕ್ಕ ಮಗಳು ಇನ್ನೂ ಕೈಕೂಸಾಗಿದ್ದಾಗ, ನಾಗಭೂಷಣ ಗಂಡಸರಿಗೆ ಮಾಡುವ ಆಪರೇಷನ್ ಮಾಡಿಸಿಕೊಂಡು ಬರುತ್ತೇನೆಂದು ಹೊರಟು, ಮಾಡಿಸಿಕೊಳ್ಳದೆ, ಮಾಡಿಸಿಕೊಂಡೆ ಎಂದು ಹೇಳಿ ಮನೆ ಸೇರಿದ್ದ. ಇಷ್ಟೇ ಸಂಗತಿ. “ಎರಡು ಸಲ ನನ್ನ ಹೊಟ್ಟೆ ಕುಯ್ದಿದಾರೆ. ಕಾಪರ್ ಟಿ ಹಾಕಿಸ್ಕೊಂಡು ತಿಂಗಳುಗಟ್ಟಲೆ ರಕ್ತ ಸುರಿಸ್ದೆ. ಇನ್ನು ನಿಮ್ಮ ಸರದಿ ಕಣ್ರೀ” ಎಂದು ಹೇಮಶ್ರೀ ಹೇಳಿದಾಗ ಅವನು ತುಂಬ ಉತ್ಸಾಹದಿಂದ ಒಪ್ಪಿದ್ದ. ಜ್ಞಾನಭಾರತಿ ಕ್ಯಾಂಪಸ್ಸಿನಲ್ಲಿ ಜನಸಂಖ್ಯೆಯ ಪಾಠ ಹೇಳುವವನು, ಗಂಡಸರು ಹಿಂಜರಿಯುವುದರ ಮೇಲೆ ಎರಡು ಲೇಖನ ಬರೆದವನು, ಒಪ್ಪದೆ ಇರುವುದಾದರೂ ಹೇಗೆ? ಇನ್ನೊಂದು ಸಲ ಬಸಿರಾದರೆ ಹಳೆಯ ಹೊಲಿಗೆ ತಡೆಯುವುದು ಕಷ್ಟ ಎಂದು ಡಾಕ್ಟರು ಬೇರೆ ಎಚ್ಚರಿಸಿದ್ದರು. ಎರಡನೆಯ ಹೆರಿಗೆಯಲ್ಲೇ ಹೇಮಶ್ರೀಗೆ ಮಕ್ಕಳಾಗದ ಆಪರೇಷನ್ನನ್ನೂ ಮಾಡಿಬಿಡೋಣವೇ ಎಂದು ಅವರು ಕೇಳಿದಾಗ, ‘ಈಗ್ಲೇ ಬೇಡ, ಒಂದು ಗಂಡು ಆಗ್ಲಿ’ ಎಂದವಳು ಅವನ ತಾಯಿ ಜಗದಾಂಬಾ. ಪಕ್ಕದಲ್ಲಿ ಸುಮ್ಮನೆ ನಿಂತಿದ್ದವನು ಅವನು. ಆ ಸುಮ್ಮನಿರುವಿಕೆಯ ಪಾಪ ಕಳೆಯಲಿ ಎಂದೂ ಇತ್ತು. ಆಪರೇಷನ್ನಿಗೆಂದು ಅವನು ಹೋದ ದಿನ ಆಸ್ಪತ್ರೆಯ ಪಡಸಾಲೆಯಲ್ಲಿ ಕೂತಿದ್ದವರೆಲ್ಲ ಹೆಂಗಸರು. ನರ್ಸೊಬ್ಬಳು ಬಾಗಿಲಿಂದ ತಲೆ ಹೊರಹಾಕಿ, “ಗಂಡಸ್ರ ಆಪರೇಷನ್ನಿಗೆ ಬಂದಿರೋರು ಯಾರಪ್ಪ?” ಎಂದು ಕೂಗಿದಳು. ಅಷ್ಟೂ ತಲೆಗಳು ತಿರುಗಿದವು. ಪಕ್ಕದಲ್ಲಿದ್ದ ಮುದುಕಿ ಅವನ ತೋಳು ಹಿಡಿದು, ನಿಜವಾದ ಮರುಕದಿಂದ, “ಅಯ್ಯೋ, ನೀನೇನಪ್ಪಾ? ಹೆಂಡ್ತಿಗೆ ಏನಾಗಿದೆ?” ಎಂದು ಕೇಳಿದಳು. ಅವನು ಎದ್ದು, “ನಾನಲ್ಲಜ್ಜಿ, ನಮ್ಮೋರನ್ನ ನೋಡ್ಕೊಂಡು ಹೋಗೋಕೆ ಬಂದೆ” ಎಂದು ಹೇಳಿ ಹೊರಗೆ ಬಂದ. ಚಪ್ಪಲಿ ಹಾಕಿಕೊಳ್ಳುವಾಗಲೂ ಬೆನ್ನ ಮೇಲೆ ಆ ಕಣ್ಣುಗಳಿದ್ದವು.

ಆ ದಿನ ಸಂಜೆಯವರೆಗೂ ಮಲ್ಲತ್ತಹಳ್ಳಿ ಕೆರೆಯ ಏರಿಯ ಬೆಂಚಿನ ಮೇಲೆ ಕೂತಿದ್ದು, ಮನೆಯ ತಿರುವಿನಲ್ಲಿ ಆಟೋ ಇಳಿದು, ಅಲ್ಲಿಂದ ಕಾಲು ಅಗಲಿಸಿಕೊಂಡು ನಡೆದ. ಮೇಲಿನಿಂದ ನೋಡಿದ ಹೇಮಶ್ರೀ ಓಡಿ ಬಂದು ಕೈ ಹಿಡಿದು ಮೆಟ್ಟಿಲು ಹತ್ತಿಸಿದಳು. ಹೊಲಿಗೆಯಿಲ್ಲದ ವಿಧಾನ, ಗುರುತೂ ಉಳಿಯುವುದಿಲ್ಲ ಎಂದು ಅವಳು ಕೇಳುವ ಮೊದಲೇ ಹೇಳಿದ. ಅವಳು ನೋಡಬೇಕೆನ್ನಲಿಲ್ಲ. ಮೆತ್ತಗೆ ಅನ್ನ ಮಾಡಿ ತುಪ್ಪ ಹಾಕಿ ಕಲಸಿ ಕೊಟ್ಟಳು. ಎರಡು ವಾರ ಅವನಿಗೆ ಒಂದು ಬಕೆಟ್ ಮುಟ್ಟಲೂ ಬಿಡಲಿಲ್ಲ. ಒಂದು ದಿನ ನೀರಿನ ಕ್ಯಾನು ತರುವವನು ಕೆಳಗೇ ಇಟ್ಟು ಹೋಗಿದ್ದ. ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು, ಆ ಕ್ಯಾನನ್ನು ಒಂದೊಂದೇ ಮೆಟ್ಟಿಲಿಗೆ ಇಟ್ಟು ಎತ್ತಿ, ಇಟ್ಟು ಎತ್ತಿ ಅವಳು ಮೇಲಕ್ಕೆ ತಂದದ್ದನ್ನು ಅವನು ಹಾಸಿಗೆಯ ಮೇಲೆ ಮಲಗಿಕೊಂಡೇ ಕೇಳಿಸಿಕೊಂಡ. ಎದ್ದು ಹೋಗಬೇಕು ಎನ್ನಿಸಿ ನಾಚಿಕೆಯಿಂದ ಮೈ ಬಿಸಿಯಾಯಿತು. ಎದ್ದಿದ್ದರೆ ಸುಳ್ಳು ಅಲ್ಲೇ ಮುರಿದು ಬೀಳುತ್ತಿತ್ತು. ಅವನು ಏಳಲಿಲ್ಲ.

ಆಪರೇಷನ್ ಆದ ಮೇಲೂ ಮೂರು ತಿಂಗಳು ಎಚ್ಚರಿಕೆಯಿಂದ ಇರಬೇಕು, ಆಮೇಲೆ ಒಂದು ಪರೀಕ್ಷೆ ಮಾಡಿಸಬೇಕು. ಆ ಮೂರು ತಿಂಗಳೊಳಗೆ ಗುಟ್ಟಾಗಿ ಹೋಗಿ ನಿಜವಾಗಿಯೇ ಮಾಡಿಸಿಕೊಂಡುಬಿಡುತ್ತೇನೆ ಎಂದು ಲೆಕ್ಕ ಹಾಕಿದ್ದ. ಹೋಗಲಿಲ್ಲ. “ರಿಪೋರ್ಟ್ ಬಂತು. ಇನ್ನೇನೂ ಭಯ ಇಲ್ವಂತೆ” ಎಂದು ಒಂದು ಸಂಜೆ ಹೇಳಿದ, ಅವಳು ದೇವರಿಗೆ ದೀಪ ಹಚ್ಚಿ ಸಜ್ಜಿಗೆ ಮಾಡಿದಳು. ಆಮೇಲೆ ಕೆಲವು ತಿಂಗಳು ಅವಳ ಮುಟ್ಟಿನ ದಿನಗಳನ್ನು ಮನಸ್ಸಿನಲ್ಲೇ ನೆನಪಿಟ್ಟುಕೊಂಡು, ಅಪಾಯದ ದಿನಗಳಲ್ಲಿ ತಲೆನೋವು, ಪೇಪರ್ ತಿದ್ದುವುದಿದೆ ಎಂದು ತಪ್ಪಿಸಿಕೊಂಡ. ಪ್ರತಿ ತಿಂಗಳೂ ಅವಳು ಮುಟ್ಟಾಗುವವರೆಗೆ ಊಟ ರುಚಿಸುತ್ತಿರಲಿಲ್ಲ. ವರ್ಷ ಕಳೆಯುತ್ತ ಬಂತು, ಏನೂ ಆಗಲಿಲ್ಲ. ಸಮಾಧಾನವಾಗುವುದರ ಬದಲು ಅನುಮಾನ ಹುಟ್ಟಿದ್ದು ಆಗ. ಏನೂ ಬಳಸದ ದಂಪತಿಗಳಲ್ಲಿ ನೂರಕ್ಕೆ ಎಂಬತ್ತೈದು ಮಂದಿಗೆ ವರ್ಷದೊಳಗೆ ಬಸಿರು ನಿಲ್ಲುತ್ತದೆ ಎಂದು ಪ್ರತಿ ವರ್ಷ ಪಾಠ ಮಾಡುವವನು ಅವನೇ. ದಿನ ಎಣಿಸಿ ತಪ್ಪಿಸಿಕೊಳ್ಳುವುದನ್ನು ನಂಬುವಂತಿಲ್ಲ ಎಂದೂ ಅವನೇ ಹೇಳುತ್ತಾನೆ. ಹಾಗಾದರೆ ತಮ್ಮ ಮನೆಯಲ್ಲಿ ಯಾಕಿಲ್ಲ? ಅವಳು ಏನನ್ನೋ ತೆಗೆದುಕೊಳ್ಳುತ್ತಿದ್ದಾಳೆ. ಆಪರೇಷನ್ ಆದ ಗಂಡನ ಹೆಂಡತಿ ಯಾಕೆ ತೆಗೆದುಕೊಳ್ಳಬೇಕು? ಅವಳಿಗೆ ಎಲ್ಲ ಗೊತ್ತಾಗಿದೆ. ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಅನ್ನ ಬಡಿಸುತ್ತಿದ್ದಾಳೆ, ಮನಸ್ಸಿನಲ್ಲೇ ನಗುತ್ತಿದ್ದಾಳೆ. ಈ ತರ್ಕ ಅವನಿಗೆ ಎಷ್ಟು ಗಟ್ಟಿಯಾಗಿ ಕಂಡಿತೆಂದರೆ, ಅದರಲ್ಲಿ ಒಂದು ಅನುಕೂಲವೂ ಕಾಣಿಸಿತು: ಹೇಗೂ ಅವಳು ನೋಡಿಕೊಳ್ಳುತ್ತಿದ್ದಾಳೆ, ತಾನು ದಿನ ನೆನಪಿಡುವ ಗೋಜಾದರೂ ಯಾಕೆ? ಈ ಬೇಸಗೆಯಿಂದ ಅವನು ಆ ಗೋಜನ್ನು ಬಿಟ್ಟಿದ್ದ.

ಅದೇ ಬೆಳಿಗ್ಗೆ ಕ್ಲಾಸಿಗೆ ಹೋಗುವ ಮುನ್ನ ಸ್ಕೂಟರನ್ನು ಬೇಕೆಂದೇ ಮಾರೇನಹಳ್ಳಿಗೆ ತಿರುಗಿಸಿದ. ತನ್ನನ್ನು ಗುರುತಿಸುವವರಿಲ್ಲದ ಒಂದು ಮೆಡಿಕಲ್ ಶಾಪ್ ಹುಡುಕಿ, ಗಿರಾಕಿಗಳು ಕರಗುವವರೆಗೆ ಪಕ್ಕದ ಪಾತ್ರೆ ಅಂಗಡಿಯ ಕುಕ್ಕರುಗಳನ್ನು ನೋಡುತ್ತ ನಿಂತ. ಬೆನ್ನ ಹಿಂದೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಚೂರನ್ನು ಗಾಜಿನ ಮೇಲಿಟ್ಟ.

“ಇದು ಏನಕ್ಕೆ ಕೊಡ್ತಾರೆ?”

ಅಂಗಡಿಯವನು ಕನ್ನಡಕ ಏರಿಸಿ ಹಿಂದೆ ಮುಂದೆ ತಿರುವಿದ. “ಹೆಸರಿರೋ ಕಡೆನೇ ಕತ್ತರಿಸ್ಬಿಟ್ಟಿದಾರಲ್ಲ ಸಾರ್. ಯಾರ್ದಿದು, ಮನೆಯವ್ರದಾ?”

“ಅಲ್ಲ. ನಮ್ಮ ತಾಯಿದು.”

“ಅಮ್ಮನೋರನ್ನೇ ಕೇಳ್ಬೋದಲ್ಲ ಸಾರ್, ಏನಕ್ಕೆ ತಗೋತಾರೆ ಅಂತ.” ಅಂಗಡಿಯವನು ಒಳಗಿದ್ದವನಿಗೂ ಕೇಳಿಸುವಂತೆ ನಕ್ಕ. “ತಲೆಸುತ್ತಿಂದೂ ಹಿಂಗೇ ಇರುತ್ತೆ, ಲೇಡೀಸ್ ಮಾತ್ರೆನೂ ಹಿಂಗೇ ಇರುತ್ತೆ. ಗೊತ್ತಿಲ್ದೆ ನಾನು ಹೇಳ್ಬಾರ್ದು.”

ಲೇಡೀಸ್ ಮಾತ್ರೆ ಎಂಬ ಎರಡು ಪದಗಳನ್ನಷ್ಟೇ ಕಿವಿಯಲ್ಲಿಟ್ಟುಕೊಂಡು ನಾಗಭೂಷಣ ಸ್ಕೂಟರ್ ಹತ್ತಿದ. ತಾಯಿಯ ಹೆಸರನ್ನು ಎಳೆದು ತಂದದ್ದಕ್ಕೆ ಕಸಿವಿಸಿಯಾಯಿತು. ಜಗದಾಂಬಾ ದಾವಣಗೆರೆಯಲ್ಲಿ ದೊಡ್ಡ ಮಗನ ಮನೆಯಲ್ಲಿ ಕೂತು ಇಂದಿಗೂ ಮೊಮ್ಮಗನ ದಾರಿ ಕಾಯುತ್ತಿದ್ದಾಳೆ. ಆಪರೇಷನ್ ಆದ ವಿಷಯ ಅವಳಿಗೆ ಹೇಳಿಯೇ ಇಲ್ಲ. ಆಗದ ಆಪರೇಷನ್ನನ್ನು ಬಚ್ಚಿಡುವುದು ಎಷ್ಟು ಕಷ್ಟ ಎಂದುಕೊಂಡು ಅವನಿಗೆ ನಗುವೂ ಬಂತು, ಆಮೇಲೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಅಂದಿನ ಪಾಠವೂ ಅದೇ ಆಗಿರಬೇಕೇ! ಪರದೆಯ ಮೇಲೆ ಬಣ್ಣದ ಗೆರೆಗಳು. ಹಿಂದುಳಿದ ದೇಶಗಳ ಹೆಂಗಸರು ಬಸಿರು ತಡೆಯಲು ಏನೇನು ಬಳಸುತ್ತಾರೆ, ವರ್ಷದಿಂದ ವರ್ಷಕ್ಕೆ ಅದು ಹೇಗೆ ಬದಲಾಗುತ್ತಿದೆ. ಮಾತ್ರೆಯ ಗೆರೆ ನಿಧಾನವಾಗಿ ಏರುತ್ತಿದೆ, ಕಾಂಡೋಮಿನದು ನಗರಗಳಲ್ಲಿ ಏರುತ್ತಿದೆ, ಇಂಜೆಕ್ಷನ್ನಿನದು ಈಗಷ್ಟೇ ಕಣ್ಣು ಬಿಟ್ಟಿದೆ. ನಮ್ಮ ಕಡೆ ಮಾತ್ರ ಇವತ್ತಿಗೂ ಹೆಂಗಸರ ಆಪರೇಷನ್ನೇ ಎಲ್ಲಕ್ಕಿಂತ ಮೇಲೆ, ಅದೂ ಮೂವತ್ತು ತುಂಬುವುದರೊಳಗೆ. ಗಂಡಸರ ಆಪರೇಷನ್ನಿನ ಗೆರೆ ತಳಕ್ಕೆ ಅಂಟಿಕೊಂಡಿತ್ತು, ನೂರಕ್ಕೆ ಒಂದೂ ಇಲ್ಲ. ಹೆಂಡತಿಯ ತವರಿನಲ್ಲಿ ಎಲ್ಲರೂ ನೂರಕ್ಕೊಬ್ಬನೆಂದು ಹೆಮ್ಮೆಪಡುವ ಆ ಒಬ್ಬ ತಾನು. ಕೋಲಿನ ತುದಿಯನ್ನು ಅವನು ಆ ಗೆರೆಯ ಮೇಲಿಂದ ಬೇಗನೆ ಸರಿಸಿದ.

“ಸಾರ್,” ಎಂದು ಮುಂದಿನ ಸಾಲಿನ ಕವನಾ ಎದ್ದಳು. ಅವಳು ಯಾವಾಗಲೂ ಏಳುವವಳು. “ಸರ್ವೆಗೆ ಬಂದೋರ ಹತ್ರ ಹೆಂಗಸ್ರು ನಿಜಾನೇ ಹೇಳ್ತಾರೆ ಅಂತ ಏನ್ ಗ್ಯಾರಂಟಿ?”

“ಒಳ್ಳೆ ಪ್ರಶ್ನೆ. ಎಲ್ರೂ ಹೇಳಲ್ಲ. ಕೆಲವ್ರು ಗಂಡನಿಗೂ ಗೊತ್ತಾಗದ ಹಾಗೆ ಮಾತ್ರೆ ತಗೋತಾರೆ, ಇಂಜೆಕ್ಷನ್ ತಗೋತಾರೆ. ವರ್ಷಗಟ್ಟಲೆ ಒಂದೇ ಮನೇಲಿ ಇದ್ರೂ ಗಂಡನಿಗೆ ತಿಳಿಯಲ್ಲ.” ಇಷ್ಟು ಹೇಳುವಷ್ಟರಲ್ಲಿ ಅವನ ದನಿ ಪಾಠದ ದನಿಯಾಗಿ ಉಳಿದಿರಲಿಲ್ಲ.

“ಮತ್ತೆ ಗಂಡಸ್ರು ಸಾರ್? ಗಂಡಸ್ರು ಸುಳ್ಳು ಹೇಳಲ್ವಾ?”

ಕ್ಲಾಸು ಗೊಳ್ಳೆಂದಿತು. “ಗಂಡಸರನ್ನ ಇದನ್ನೆಲ್ಲ ಕೇಳೋದೇ ಕಮ್ಮಿಯಮ್ಮ” ಎಂದು ಅವನೂ ನಕ್ಕು, ಪರದೆಯ ಮೇಲೆ ಮುಂದಿನ ಚಿತ್ರ ತಂದ. ಇವಳು ಯಾಕೆ ಹೀಗೆ ಕೇಳಿದಳು? ಮೊನ್ನೆ ಬಸ್ ಸ್ಟಾಪಿನಲ್ಲಿ ಇವಳೂ ಹೇಮಶ್ರೀಯೂ ಮಾತಾಡುತ್ತ ನಿಂತಿದ್ದರಲ್ಲವೇ? ಎರಡು ನಿಮಿಷ ಹೀಗೆ ಯೋಚಿಸಿದ ಮೇಲೆ ತನ್ನ ತಲೆ ಎಲ್ಲಿಗೆ ಹೋಗಿ ಮುಟ್ಟಿದೆಯೆಂದು ಅವನಿಗೇ ಗಾಬರಿಯಾಯಿತು.

ಸಂಜೆ ಮನೆಗೆ ಬಂದರೆ ಹಾಲಿನಲ್ಲಿ ಷಡ್ಡಕ ಗಿರಿರಾಜ ಕೂತಿದ್ದ. ಹೇಮಶ್ರೀಯ ತಂಗಿ ಸೌಮ್ಯಶ್ರೀಯ ಗಂಡ. ವಿಜಯನಗರದಲ್ಲಿ ಅಕ್ಕಿ ಅಂಗಡಿ ಇಟ್ಟವನು, ಒಳ್ಳೆಯ ಆಳು, ಮನಸ್ಸಿನಲ್ಲಿ ಬಂದದ್ದು ಬಾಯಲ್ಲಿ ಬರುವವನು. ಅಕ್ಕ ತಂಗಿ ಅಡುಗೆಮನೆಯಲ್ಲಿ ಪಿಸುಗುಡುತ್ತಿದ್ದವರು ಅವನ ಚಪ್ಪಲಿಯ ಸದ್ದಿಗೆ ಸುಮ್ಮನಾದರು. ಅದನ್ನೂ ಅವನು ಗಮನಿಸಿದ. ಹೇಮಶ್ರೀ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ತಂದಿಟ್ಟು, ಗೋಡೆಗೆ ಒರಗಿ ನಿಂತು, “ರೀ, ಗಿರಿರಾಜರಿಗೆ ನೀವೇ ಸ್ವಲ್ಪ ಧೈರ್ಯ ಹೇಳಿ. ಸೌಮ್ಯಂಗೂ ಎರಡು ಮಕ್ಕಳಾಯ್ತು. ಅವ್ರು ಮಾಡಿಸ್ಕೋಬೇಕು ಅಂತಿದಾರೆ, ಭಯ ಬೀಳ್ತಿದಾರೆ” ಎಂದಳು.

ನಾಗಭೂಷಣ ಬಾಯಿಗೆ ಹಾಕಿಕೊಳ್ಳುತ್ತಿದ್ದ ಮಂಡಕ್ಕಿಯನ್ನು ತಟ್ಟೆಗೇ ಹಾಕಿದ. ಪರೀಕ್ಷೆ ಮಾಡುತ್ತಿದ್ದಾಳೆ, ಎಲ್ಲರ ಎದುರು ನಿಜ ಕಕ್ಕಿಸುತ್ತಿದ್ದಾಳೆ ಎಂದುಕೊಂಡ. ಅವಳ ಮುಖ ನೋಡಿದ. ಅಲ್ಲಿ ಏನೂ ಕಾಣಲಿಲ್ಲ, ಸ್ವಲ್ಪ ಬಿಳಿಚಿಕೊಂಡಿದ್ದಳು ಅಷ್ಟೆ.

“ನಿಜ ಹೇಳ್ಬಿಡಿ ಅಣ್ಣ,” ಎಂದು ಗಿರಿರಾಜ ಕುರ್ಚಿಯನ್ನು ಹತ್ತಿರ ಎಳೆದ. “ಆಮೇಲೆ ಸೊಂಟ ಹೋಗುತ್ತಂತೆ, ಭಾರ ಎತ್ತಕ್ಕಾಗಲ್ವಂತೆ? ನಂದು ಮೂಟೆ ಹೊರೋ ವ್ಯಾಪಾರ.”

“ಏನೂ ಇಲ್ಲಪ್ಪ. ಸೂಜಿ ಚುಚ್ಚಿದ್ದೊಂದೇ ಗೊತ್ತಾಗೋದು, ಇರುವೆ ಕಚ್ಚಿದ ಹಾಗೆ. ಚಾಕು ಇಲ್ಲ, ಹೊಲಿಗೆ ಇಲ್ಲ. ಡಾಕ್ಟರು ಮಾತಾಡಿಸ್ತಾನೇ ಇರ್ತಾರೆ, ಯಾವೂರು, ಏನ್ ಕೆಲಸ ಅಂತ. ನೀನು ಉತ್ತರ ಹೇಳೋಷ್ಟರಲ್ಲಿ ಮುಗಿದಿರುತ್ತೆ.” ತಾನು ಓದಿದ್ದು, ಪಾಠ ಮಾಡಿದ್ದು, ಕರಪತ್ರಗಳಲ್ಲಿ ಕಂಡದ್ದು ಎಲ್ಲ ತಾನಾಗಿ ಬಂತು. ಡಾಕ್ಟರಿಗೆ ಒಂದು ಬಿಳಿ ಮೀಸೆಯನ್ನೂ ಕೊಟ್ಟ. ಹೇಳುತ್ತ ಹೇಳುತ್ತ ಅವನಿಗೆ ಹುರುಪು ಬಂತು. ಆ ಕೋಣೆ, ಆ ದೀಪ, ಮಾಡಿಸಿಕೊಂಡು ಹೊರಬಂದಾಗಿನ ಹಗುರ, ಎಲ್ಲ ನಿಜವಾಗಿ ನಡೆದಂತೆಯೇ ಕಂಡಿತು. ಗಿರಿರಾಜನ ಕಣ್ಣಲ್ಲಿದ್ದ ಗೌರವವನ್ನು ನೋಡಿದಾಗ ಮಾತ್ರ ತಟ್ಟೆಯ ಕಡೆ ತಲೆ ಬಗ್ಗಿಸಿದ.

“ಎರಡು ವಾರ ಒಂದು ಚೊಂಬು ನೀರೂ ಎತ್ತಕ್ಕೆ ಬಿಡ್ಲಿಲ್ಲ ನಾನು ಇವ್ರಿಗೆ” ಎಂದು ಹೇಮಶ್ರೀ ನಕ್ಕಳು. ಆ ನಗೆಯನ್ನು ಅವನು ಹತ್ತು ಕಡೆಯಿಂದ ತಿರುವಿ ನೋಡಿದ.

“ಆಯ್ತು ಬಿಡಿ. ನೀವು ಹೇಳಿದ್ಮೇಲೆ ಇನ್ನೇನು? ಬರೋ ವಾರಾನೇ ಹೋಗ್ತೀನಿ” ಎಂದು ಗಿರಿರಾಜ ತೊಡೆ ತಟ್ಟಿಕೊಂಡು ಎದ್ದ. ಒಂದು ತಟ್ಟೆ ಮಂಡಕ್ಕಿಯ ನಡುವೆ, ಷಡ್ಡಕನ ಮಾತು ನಂಬಿ, ಅವನು ಮಾಡಿಬಿಟ್ಟ ತೀರ್ಮಾನ ಅದು. ನಾಗಭೂಷಣನಿಗೆ ಅವನ ಮೇಲೆ ಸಿಟ್ಟು ಬಂದಂತಾಯಿತು.

“ಸೌಮ್ಯ, ಮಕ್ಕಳನ್ನ ಸ್ವಲ್ಪ ಪಾರ್ಕಿಗೆ ಕರ್ಕೊಂಡು ಹೋಗೇ. ಗಿರಿರಾಜರೇ, ನೀವೂ ಹೋಗ್ಬನ್ನಿ” ಎಂದು ಹೇಮಶ್ರೀ ಎಲ್ಲರನ್ನೂ ಕೆಳಗೆ ಕಳಿಸಿದಳು. ಯಾಕೆ ಕಳಿಸಿದಳು? ಇಂದು ಮುಖಕ್ಕೆ ಹೊಡೆದಂತೆ ಕೇಳುತ್ತಾಳೆ, ಅದಕ್ಕೇ. ಗಿರಿರಾಜನ ಎದುರು ನನ್ನ ಬಾಯಿಂದ ಎಲ್ಲ ಹೇಳಿಸಿ, ಈಗ ಒಂದೊಂದನ್ನೇ ಹಿಡಿದು ಕೇಳುತ್ತಾಳೆ. ಕೇಳಲಿ. ನನ್ನ ಬಳಿಯೂ ಇದೆ. ಜೇಬಿನಲ್ಲಿದ್ದ ಮಾತ್ರೆಯ ಚೂರನ್ನು ಬೆರಳುಗಳ ನಡುವೆ ಹಿಡಿದುಕೊಂಡ. ನಾನು ಸುಳ್ಳು ಹೇಳಿದೆ, ಸರಿ, ನೀನೇನು ಮಾಡಿದೆ ವರ್ಷದಿಂದ, ಎಂದು ತಿರುಗಿ ಕೇಳಬಹುದು. ಮೆಟ್ಟಿಲ ಮೇಲೆ ಮಕ್ಕಳ ಸದ್ದು ಕರಗುವವರೆಗೆ ಅವಳು ಬಾಗಿಲಲ್ಲೇ ನಿಂತಿದ್ದು, ಬಾಗಿಲು ಹಾಕಿಕೊಂಡು ಬಂದು ಅವನ ಎದುರು ಕೂತಳು.

“ನಿಮಗೊಂದು ವಿಷಯ ಹೇಳ್ಬೇಕು.”

“ಹೇಳು. ನಂಗೂ ಒಂದು ಕೇಳೋದಿದೆ.”

“ನಾನು ಮುಟ್ಟಾಗಿಲ್ಲ ರೀ.”

ಅವನ ಕೈ ಜೇಬಿನಲ್ಲೇ ಉಳಿಯಿತು.

“ಹೋದ ತಿಂಗಳೂ ಆಗ್ಲಿಲ್ಲ. ತಲೆ ಸುತ್ತುತ್ತೆ ಅಂತ ಡಾಕ್ಟರ ಹತ್ರ ಹೋಗಿದ್ದೆ, ಮಾತ್ರೆ ಕೊಟ್ರು. ನಾನೂ ಅದೇ ಇರ್ಬೇಕು ಅಂದ್ಕೊಂಡೆ. ನಂಗೆ ಬೇರೆ ಯೋಚನೆ ಬರೋದಾದ್ರೂ ಹೇಗೆ? ಮಧ್ಯಾಹ್ನ ಸೌಮ್ಯನೇ ಬಲವಂತ ಮಾಡಿ ಟೆಸ್ಟ್ ಮಾಡಿಸಿದ್ಳು. ನಿಂತಿದೆ ರೀ.” ಅವಳು ಮುಚ್ಚಿದ ಬಾಗಿಲ ಕಡೆ ಒಮ್ಮೆ ನೋಡಿದಳು. “ಏನೂ ಅರ್ಥ ಆಗ್ತಿಲ್ಲ ನಂಗೆ. ನಿಮ್ಮ ಆಪರೇಷನ್ ಆಗಿದೆ, ರಿಪೋರ್ಟೂ ಬಂದಿತ್ತು. ಸೌಮ್ಯ ನನ್ನ ಮುಖ ಒಂಥರಾ ನೋಡಿದ್ಳು. ಒಡಹುಟ್ಟಿದೋಳು, ಅವಳೇ ಹಾಗೆ ನೋಡಿದ್ಳು. ನೀವು ಹೇಗೆ ನೋಡ್ತೀರ ಅಂತ ಆಗಿಂದ ಕೈಕಾಲು ಆಡ್ತಿಲ್ಲ.”

ನಾಗಭೂಷಣನಿಗೆ ಮೊದಲು ಅರ್ಥವಾದದ್ದು ಒಂದೇ: ಇವಳಿಗೆ ಏನೂ ಗೊತ್ತಿರಲಿಲ್ಲ. ಬಾಲ್ಕನಿಗೆ ಹೋಗಿ ಗುಟ್ಟು ಮಾತಾಡಿದವಳು, ಮನಸ್ಸಿನಲ್ಲೇ ನಕ್ಕವಳು, ಗೊತ್ತಿದ್ದೂ ಅನ್ನ ಬಡಿಸಿದವಳು, ಆ ಹೇಮಶ್ರೀ ಈ ಮನೆಯಲ್ಲಿ ಯಾವತ್ತೂ ಇರಲಿಲ್ಲ. ಇದ್ದವಳು ಇವಳು, ಅವನ ಮಾತನ್ನು ಮಾತೆಂದು ನಂಬಿ, ನೀರಿನ ಕ್ಯಾನು ಹೊತ್ತು, ತಂಗಿಯ ಗಂಡನ ಎದುರು ಅವನನ್ನು ಹೊಗಳಿದವಳು. ಇಂಥ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಬಜ್ಜಿ ಕರಿದು ಬಡಿಸಿದ್ದಳು. ನೂರರಲ್ಲಿ ಎಂಬತ್ತೈದನ್ನು ಪಾಠ ಮಾಡಿದವನು ಉಳಿದ ಹದಿನೈದು ಮನೆಗಳಲ್ಲಿ ತನ್ನದೂ ಒಂದಾಗಿರಬಹುದೆಂದು ಯೋಚಿಸಲೇ ಇಲ್ಲ. ಅವಳ ಮೇಲೆ ಅನುಮಾನಪಟ್ಟದ್ದಕ್ಕೇ ಎಚ್ಚರ ಬಿಟ್ಟ, ಎಚ್ಚರ ಬಿಟ್ಟದ್ದಕ್ಕೇ ಇದು. ತಡೆಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದ ಆ ಹಳೆಯ ಹೊಲಿಗೆಯೂ ನೆನಪಾಯಿತು. ಇಷ್ಟರ ನಡುವೆಯೂ ಒಂದು ವಾಕ್ಯ ತಯಾರಾಗಿ ನಾಲಿಗೆಯ ತುದಿಗೆ ಬಂದು ಕೂತಿತ್ತು: ಎಲ್ಲೋ ಸಾವಿರಕ್ಕೊಂದು ಫೇಲ್ ಆಗುತ್ತೆ ಹೇಮಾ, ನಮ್ಮ ದುರದೃಷ್ಟ. ಹೇಳ ಹೊರಟಿದ್ದರೆ ದನಿಯೂ ನಡುಗುತ್ತಿರಲಿಲ್ಲ.

ಅಷ್ಟರಲ್ಲಿ ಅವಳು ಕೊರಳಿನ ದಾರವನ್ನು ಎಳೆದು, ಬೆಳ್ಳಿಯ ಕರಡಿಗೆ ತೆರೆದು, ಒಳಗಿನ ಇಷ್ಟಲಿಂಗವನ್ನು ಎಡಗೈಯ ಅಂಗೈಯಲ್ಲಿಟ್ಟುಕೊಂಡಿದ್ದಳು. ದಿನಾ ಬೆಳಿಗ್ಗೆ ಪೂಜೆಗೆ ಮಾತ್ರ ಹೊರಗೆ ಬರುವ ಲಿಂಗ. “ಇದರ ಆಣೆ ಮಾಡಿ ಹೇಳ್ತೀನಿ. ನಿಮ್ಮನ್ನ ಬಿಟ್ಟು ನಾನು…” ಮುಂದೆ ಹೇಳಲಾಗದೆ ಅಳತೊಡಗಿದಳು. ತಪ್ಪು ಮಾಡದವಳು, ತಪ್ಪು ಮಾಡಿದವನ ಎದುರು, ದೇವರನ್ನು ಅಂಗೈಯಲ್ಲಿ ಹಿಡಿದು ಕೂತಿದ್ದಳು. ತಯಾರಾಗಿದ್ದ ವಾಕ್ಯ ಎಲ್ಲಿ ಹೋಯಿತೋ ಅವನಿಗೆ ತಿಳಿಯಲಿಲ್ಲ. ಅವಳ ಮಣಿಕಟ್ಟನ್ನು ಹಿಡಿದುಕೊಂಡ.

“ಬೇಡ ಹೇಮಾ. ಆಣೆ ಗೀಣೆ ಏನೂ ಬೇಡ. ನಿನ್ನ ಮೇಲೆ ನಂಗೆ ಅನುಮಾನ ಇಲ್ಲ.”

“ಸಮಾಧಾನಕ್ಕೆ ಹೇಳ್ಬೇಡಿ.”

“ಸಮಾಧಾನಕ್ಕಲ್ಲ ಕಣೇ. ಒಂದು ಚೂರೂ ಇಲ್ಲ. ಇದು ನಂದೇ ಮಗು.”

ಒಂದೂವರೆ ವರ್ಷದಲ್ಲಿ ಅವಳಿಗೆ ಅವನು ಹೇಳಿದ ನೇರವಾದ ನಿಜ ಇದೊಂದೇ ಇರಬೇಕು. ಹೇಳಿದ ಕೂಡಲೇ ಎದೆ ಹಗುರವಾಯಿತು, ಕಣ್ಣಲ್ಲಿ ನೀರೂ ಬಂತು. ಹೇಮಶ್ರೀ ಅವನ ಭುಜಕ್ಕೆ ಹಣೆ ಒತ್ತಿ ಬಿಕ್ಕಿದಳು. ಅವನು ಅವಳ ಬೆನ್ನು ಸವರುತ್ತ, ಇಲ್ಲ, ಒಂದು ಚೂರೂ ಇಲ್ಲ, ಎಂದು ಇನ್ನೊಮ್ಮೆ ಹೇಳಿದ. ಕೆಳಗೆ ರಸ್ತೆಯಲ್ಲಿ ಸೊಪ್ಪಿನ ಗಾಡಿಯವನು ಕೂಗುತ್ತ ಹೋದ. ಸ್ವಲ್ಪ ಹೊತ್ತಿಗೆ ಅವಳ ಬಿಕ್ಕು ನಿಂತಿತು. ಬೆನ್ನು ಅವನ ಕೈಯ ಕೆಳಗೆ ಬಿಗಿಯಾಯಿತು. ಅವಳು ತಲೆ ಎತ್ತಿ, ಲಿಂಗವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, ಹಿಂದಕ್ಕೆ ಸರಿದು ಅವನ ಮುಖವನ್ನು ನೋಡಿದಳು. ಅವನು ಬೆಚ್ಚಿ ಬಿದ್ದಿರಲಿಲ್ಲ. ಹೇಗಾಯಿತು ಎಂದು ಕೇಳಿರಲಿಲ್ಲ. ಯಾವ ಗಂಡನ ಮುಖದಲ್ಲಾದರೂ ಒಂದು ಗಳಿಗೆ ಬಂದು ಹೋಗಲೇಬೇಕಾಗಿದ್ದ ಅನುಮಾನವನ್ನು ಅವಳು ಆ ಮುಖದಲ್ಲಿ ಹುಡುಕಿದಳು, ಕಣ್ಣಿನಲ್ಲಿ, ಹುಬ್ಬಿನಲ್ಲಿ, ಬಾಯಿಯ ಅಂಚಿನಲ್ಲಿ. ಎಲ್ಲೂ ಇರಲಿಲ್ಲ.

“ಯಾಕಿಲ್ಲ?” ಎಂದಳು.